ಗಂಟು ಹಗುರಾದರೆ ಹಾದಿ ಹತ್ತಿರ

ಪ್ರವಾಸವೆಂದೊಡನೆ ನಮ್ಮ ಕಡೆಯ ಮನೆಗಳಲ್ಲಿ ಮೊದಲು ಕೆಳಗಿಳಿಯುತ್ತಿದ್ದುದು ಅಟ್ಟದ ಮೇಲಿನ ಟ್ರಂಕು. ಅದರ ಬೆನ್ನಿಗೇ ಹೋಲ್ಡಾಲು, ಫಿರಕಿ ತಂಬಿಗೆ, ಬುತ್ತಿಯ ಗಂಟು ಒಂದೊಂದಾಗಿ ಪಡಸಾಲೆಗೆ ಬಂದು ಸಾಲುಗಟ್ಟುತ್ತಿದ್ದವು. ಧಾರವಾಡದಿಂದ ಪಂಢರಪುರಕ್ಕೆ ಹೊರಟರೂ ಸರಿಯೆ, ಅರ್ಧ ಮನೆ ಜೊತೆಗೆ ಹೊರಡುತ್ತಿತ್ತು. ರೈಲಿನಲ್ಲಿ ಇದಕ್ಕೆ ಯಾರ ಆಕ್ಷೇಪಣೆಯೂ ಇರಲಿಲ್ಲ. ಬಾಕಿನ ಕೆಳಗೆ ತುರುಕಿದರೆ ಮುಗಿಯಿತು. ಹೊರಲಾರದ್ದನ್ನು ಹಮಾಲನು ಹೊರುತ್ತಿದ್ದನು.

ಈಗ ಕಾಲ ಬದಲಾಗಿದೆ. ಹುಬ್ಬಳ್ಳಿ ಧಾರವಾಡಗಳ ಓಣಿ ಓಣಿಯಲ್ಲಿಯೂ ಮಗನೊಬ್ಬ ಕ್ಯಾಲಿಫೋರ್ನಿಯದಲ್ಲಿ, ಮಗಳೊಬ್ಬಳು ಲಂಡನ್ನಿನಲ್ಲಿ ಅಥವಾ ದುಬಾಯಿಯಲ್ಲಿ ಇರುವ ಮನೆಗಳು ಕಾಣಸಿಗುತ್ತವೆ. ಮೊಮ್ಮಗುವಿನ ಮುಖ ನೋಡಲೆಂದು ಅರವತ್ತು ದಾಟಿದ ತಂದೆತಾಯಿಗಳು ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತುತ್ತಾರೆ. ಆದರೆ ಗಂಟು ಕಟ್ಟುವ ಕೈ ಮಾತ್ರ ಇನ್ನೂ ಪಂಢರಪುರದ ರೈಲಿನ ಕಾಲದಲ್ಲಿಯೇ ಇದೆ.

ಈ ಮಾತನ್ನು ಬೇರೆಯವರನ್ನು ಹಳಿಯಲು ಆಡುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಮಗಳ ಬಾಣಂತನಕ್ಕೆಂದು ನಾನೂ ನನ್ನ ಮನೆಯವರೂ ಅಮೇರಿಕೆಗೆ ಹೊರಟಾಗ ನಡೆದುದನ್ನು ಹೇಳುತ್ತೇನೆ. ಪೆಟ್ಟಿಗೆಯಲ್ಲಿ ಎಲ್ಲವೂ ತುಂಬಿದ ಮೇಲೆ ನನ್ನಾಕೆ ಕಬ್ಬಿಣದ ರೊಟ್ಟಿ ಹಂಚನ್ನು ತಂದು ನಿಂತಳು. "ಅಲ್ಲೆ ಇಂಥಾ ಹಂಚು ಎಲ್ಲಿ ಸಿಗತದರೀ? ಬಾಣಂತಿಗೆ ಬಿಸಿ ರೊಟ್ಟಿ ಬ್ಯಾಡೇನು?" ಎಂದಳು. ಈ ಪ್ರಶ್ನೆಗೆ ಉತ್ತರ ಕೊಡುವ ಧೈರ್ಯ ನನಗಾಗಲಿಲ್ಲ. ಹಂಚೂ ಒಳಗೆ ಸೇರಿತು. ವಿಮಾನ ನಿಲ್ದಾಣದ ತಕ್ಕಡಿಯ ಮೇಲೆ ಇಟ್ಟಾಗ ೨೩ ಕಿಲೋ ಇರಬೇಕಾದ ಪೆಟ್ಟಿಗೆ ೨೬ ಕಿಲೋ ತೋರಿಸಿತು. ಹಿಂದೆ ಜನರ ಸಾಲು. ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ, ಸೀರೆ ಧೋತರಗಳನ್ನು ನಾಲ್ಕು ಜನರ ಮುಂದೆ ಹರವಿ, ಹಂಚನ್ನು ಎತ್ತಿ ಕೈಚೀಲಕ್ಕೆ ಹಾಕಿದೆವು. ಅದಕ್ಕೆ ಸ್ಥಳ ಮಾಡಲೆಂದು ಕೈಚೀಲದಲ್ಲಿದ್ದ ಒಂದು ಚಿಕ್ಕ ಗಂಟನ್ನು ತೆಗೆದು ದೊಡ್ಡ ಪೆಟ್ಟಿಗೆಗೆ ಸೇರಿಸಿದೆವು. ಅದು ನಮ್ಮ ಔಷಧಿಯ ಗಂಟು.

ತಪಾಸಣೆಯವರು ಹಂಚನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನಕ್ಕು, ಬಿಟ್ಟುಕೊಟ್ಟರು. ಹಂಚು ನಮ್ಮೊಡನೆ ಕ್ಷೇಮವಾಗಿ ಅಮೇರಿಕೆ ಮುಟ್ಟಿತು. ಗುಳಿಗೆಗಳಿದ್ದ ಪೆಟ್ಟಿಗೆ ಮುಟ್ಟಲಿಲ್ಲ. ವಿಮಾನ ಬದಲಿಸಿದ ಊರಿನಲ್ಲಿಯೇ ಅದು ಉಳಿದು, ಮೂರನೆಯ ದಿನ ಮನೆಗೆ ಬಂತು. ಅಷ್ಟರಲ್ಲಿ ನನ್ನಾಕೆಯ ರಕ್ತದ ಒತ್ತಡ ಏರಿ, ತಲೆ ತಿರುಗಿ ಗೋಡೆ ಹಿಡಿದು ನಡೆಯುವಂತಾಯಿತು. ಆ ಗುಳಿಗೆ ಅಲ್ಲಿಯ ಡಾಕ್ಟರರ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುವಂಥದಲ್ಲ. ತುಂಬು ಬಸುರಿ ಮಗಳು ತಾನೇ ಕಾರು ನಡೆಸಿಕೊಂಡು ತಾಯಿಯನ್ನು ದವಾಖಾನೆಗೆ ಕರೆದೊಯ್ದಳು. ಮಗಳ ಆರೈಕೆಗೆಂದು ಹೋದವರು ಮಗಳಿಂದಲೇ ಆರೈಕೆ ಮಾಡಿಸಿಕೊಂಡೆವು. ಆ ದಿನದಿಂದ ಗಂಟು ಕಟ್ಟುವ ವಿದ್ಯೆಯನ್ನು ನಾನು ಹೊಸದಾಗಿ ಕಲಿಯತೊಡಗಿದೆ. ಕಲಿತ ನಾಲ್ಕು ಮಾತುಗಳನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ.

ವಿಮಾನದವರು ಇಷ್ಟೊಂದು ಕಟ್ಟುನಿಟ್ಟಾಗಿ ತೂಗುವುದೇಕೆ ಎಂದು ಕೆಲವರಿಗೆ ಸಿಟ್ಟು ಬರುವುದುಂಟು. ವಿಮಾನಕ್ಕೆ ಭಾರದ ಲೆಕ್ಕ ಹುಟ್ಟಿನಿಂದಲೇ ಬಂದುದು. ೧೯೩೨ರ ಅಕ್ಟೋಬರ ೧೫ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಟಪಾಲಿನ ಚೀಲ ತಂದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಎಂಬ ಅವರ ಸಂಗಡಿಗರು ಅದನ್ನು ನಮ್ಮ ಬಳ್ಳಾರಿಯ ಮೇಲೆ ಮದರಾಸಿಗೆ ಒಯ್ದರು. ಒಂದೇ ಎಂಜಿನ್ನಿನ ಆ ಪುಟ್ಟ ವಿಮಾನದಲ್ಲಿ ಹಾರಿಸುವವನು ಕುಳಿತ ಮೇಲೆ ಕಾಗದಪತ್ರಗಳಿಗೆ ಉಳಿಯುತ್ತಿದ್ದ ಎಡೆ ಅಷ್ಟಕ್ಕಷ್ಟೆ. ೧೯೪೮ರ ಜೂನ್ ೮ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಕಂಪನಿಯ 'ಮಲಬಾರ್ ಪ್ರಿನ್ಸೆಸ್' ವಿಮಾನ ಮುಂಬಯಿಯಿಂದ ಲಂಡನ್ನಿಗೆ ಹೊರಟಾಗ ಕೈರೋದಲ್ಲಿಯೂ ಜಿನೀವಾದಲ್ಲಿಯೂ ಇಳಿದು ಹೋಗಬೇಕಾಯಿತು. ಅದೇ ೨೦೨೧ರ ಜನವರಿಯಲ್ಲಿ, ಮಹಿಳಾ ಪೈಲಟರೇ ನಡೆಸಿದ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಎಲ್ಲಿಯೂ ಕಾಲೂರದೆ ಬೆಂಗಳೂರಿಗೆ ಬಂದಿಳಿಯಿತು. ಯಂತ್ರ ಎಷ್ಟೇ ದೊಡ್ಡದಾಗಲಿ, ತತ್ತ್ವ ಒಂದೇ. ಹೆಚ್ಚು ಭಾರ ಹೊರಲು ಹೆಚ್ಚು ಎಣ್ಣೆ ಬೇಕು. ಆ ಹೆಚ್ಚಿನ ಎಣ್ಣೆಯನ್ನು ಹೊರಲು ಇನ್ನಷ್ಟು ಎಣ್ಣೆ ಬೇಕು. ಹಾದಿ ದೂರವಾದಷ್ಟೂ ಈ ಲೆಕ್ಕ ಬಿಗಿಯಾಗುತ್ತದೆ.

ನಮ್ಮ ಊರಿನವರಿಗೆ ಇನ್ನೊಂದು ತೊಡಕುಂಟು. ಗೋಕುಲ ರಸ್ತೆಯ ನಿಲ್ದಾಣದಿಂದ ಹೊರಟವರು ದೂರದೇಶಕ್ಕೆ ಹೋಗಲು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ದಿಲ್ಲಿಯಲ್ಲೋ ವಿಮಾನ ಬದಲಿಸಬೇಕು. ಅಮೇರಿಕೆಯ ಪ್ರಯಾಣಕ್ಕೆ ಅನೇಕ ಕಂಪನಿಗಳು ೨೩ ಕಿಲೋದ ಎರಡು ಪೆಟ್ಟಿಗೆಗಳನ್ನು ಒಪ್ಪುತ್ತವೆ. ಒಳನಾಡಿನ ವಿಮಾನದಲ್ಲಿಯಾದರೋ ಸಾಮಾನ್ಯವಾಗಿ ೧೫ ಕಿಲೋ ಸಾಮಾನು, ಕೈಚೀಲಕ್ಕೆ ೭ ಕಿಲೋ ಅಷ್ಟೆ. ಎರಡೂ ಪ್ರಯಾಣ ಒಂದೇ ಟಿಕೀಟಿನಲ್ಲಿದ್ದರೆ ಬಹುತೇಕ ದೊಡ್ಡ ಲೆಕ್ಕವೇ ಕೊನೆಯವರೆಗೆ ನಡೆಯುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬೇರೆ ಟಿಕೀಟು ತೆಗೆಸಿದವರು ಮಾತ್ರ ಹುಬ್ಬಳ್ಳಿಯಲ್ಲಿಯೇ ದಂಡ ತೆರಬೇಕಾಗುತ್ತದೆ. ಆದುದರಿಂದ ಟಿಕೀಟು ತೆಗೆಸುವ ಮಗನಿಗೆ ಈ ಪ್ರಶ್ನೆಯನ್ನು ಮೊದಲೇ ಕೇಳಿರಿ. ಟಿಕೀಟಿನ ಮೇಲೆ ಬರೆದ ತೂಕವೇ ಪ್ರಮಾಣ. ನೆರೆಮನೆಯವರು ಹೋದ ವರ್ಷ ಒಯ್ದ ತೂಕವಲ್ಲ.

ಇನ್ನು ಗಂಟಿನ ವಿಚಾರ. ಹೊರಡುವುದಕ್ಕೆ ಒಂದು ವಾರ ಮುಂಚೆ ಒಯ್ಯಬೇಕೆನಿಸಿದ್ದನ್ನೆಲ್ಲ ಜಮಖಾನೆಯ ಮೇಲೆ ಹರವಿ ಮೂರು ಗುಂಪು ಮಾಡಿರಿ. ಇಲ್ಲದಿದ್ದರೆ ಜೀವಕ್ಕೆ ತೊಂದರೆಯಾಗುವ ವಸ್ತುಗಳು ಒಂದು. ಅಲ್ಲಿ ಸಿಗದಂಥವು ಎರಡು. ಅಲ್ಲಿಯೂ ಸಿಗುವಂಥವು ಮೂರು. ಮೂರನೆಯ ಗುಂಪನ್ನು ಮರಳಿ ಕಪಾಟಿಗೆ ಇಡಿರಿ. ಅಕ್ಕಿ, ಬೇಳೆ, ಅರಿಷಿಣ, ಸಾಸಿವೆ ಇಂದು ದೊಡ್ಡ ಊರುಗಳ ಭಾರತೀಯ ಅಂಗಡಿಗಳಲ್ಲೆಲ್ಲ ಸಿಗುತ್ತವೆ. ಯಾವುದು ಸಿಗುತ್ತದೆ, ಯಾವುದು ಇಲ್ಲ ಎಂದು ಮಕ್ಕಳನ್ನು ಕೇಳಿದರೆ ಐದು ನಿಮಿಷದ ಕೆಲಸ. ನಾವು ಕೇಳಲಿಲ್ಲ, ಮಗಳ ಅಡಿಗೆಮನೆಯಲ್ಲಿ ನಮ್ಮದಕ್ಕಿಂತ ದೊಡ್ಡ ಹಂಚು ಇತ್ತು.

ಬಟ್ಟೆಯ ವಿಷಯದಲ್ಲಿ ಒಂದು ಸಣ್ಣ ಸೂತ್ರವಿದೆ. ಆರು ತಿಂಗಳು ಇರುವುದಾದರೂ ಒಂದು ವಾರಕ್ಕೆ ಸಾಲುವಷ್ಟೇ ಬಟ್ಟೆ ಒಯ್ಯಿರಿ. ಒಗೆಯುವ ಯಂತ್ರ ಅಲ್ಲಿಯ ಮನೆಗಳಲ್ಲಿ ಸಾಮಾನ್ಯ. ಬಟ್ಟೆಗಳನ್ನು ಮಡಿಚುವುದಕ್ಕಿಂತ ಸುರುಳಿ ಸುತ್ತಿದರೆ ಅವುಗಳ ನಡುವೆ ಗಾಳಿ ನಿಲ್ಲದೆ ಎಡೆ ಉಳಿಯುತ್ತದೆ. ಪಾದರಕ್ಷೆಯ ಒಳಗಿನ ಟೊಳ್ಳಿನಲ್ಲಿ ಕಾಲುಚೀಲಗಳನ್ನು ತುಂಬಬಹುದು. ಎಲ್ಲಕ್ಕಿಂತ ಭಾರವಾದ ಬೂಟು, ಉಣ್ಣೆಯ ಅಂಗಿ ಮೈಮೇಲೆಯೇ ಇರಲಿ. ವಿಮಾನದಲ್ಲಿ ಚಳಿಯೂ ಇರುತ್ತದೆ.

ಪೆಟ್ಟಿಗೆ ತುಂಬಿದ ಮೇಲೆ ಒಂದು ಪರೀಕ್ಷೆ ಮಾಡಿರಿ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢಸ್ವಾಮಿ ರೈಲು ನಿಲ್ದಾಣದಲ್ಲಿ ೨೦೨೩ರ ಮಾರ್ಚ ತಿಂಗಳಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮು ೧೫೦೭ ಮೀಟರು ಉದ್ದದ್ದು. ಜಗತ್ತಿನಲ್ಲಿಯೇ ಉದ್ದವೆಂದು ಹೆಸರಾದುದು. ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ನಡೆಯುವ ದೂರವೂ ಹೆಚ್ಚು ಕಡಿಮೆ ಇಷ್ಟೇ ಆಗುವುದುಂಟು. ನಿಮ್ಮ ಕೈಚೀಲವನ್ನು ಹೆಗಲಿಗೆ ಹಾಕಿಕೊಂಡು ಅಷ್ಟು ದೂರವನ್ನು, ಯಾರ ನೆರವೂ ಇಲ್ಲದೆ, ನಡೆದು ನೋಡಿರಿ. ಅರ್ಧಕ್ಕೇ ಹೆಗಲು ಬದಲಿಸುವ ಹಾಗಾದರೆ ಮನೆಗೆ ಬಂದು ಚೀಲ ಬಿಚ್ಚಿರಿ. ನಡೆಯುವುದೇ ಕಷ್ಟವೆನಿಸಿದರೆ ಗಾಲಿಕುರ್ಚಿಯ ನೆರವನ್ನು ಟಿಕೀಟು ತೆಗೆಸುವಾಗಲೇ ಕೇಳಿಡಬೇಕು. ಇದರಲ್ಲಿ ನಾಚಿಕೆಯೇನೂ ಇಲ್ಲ. ಭಾಷೆ ಬಾರದ ಊರಿನಲ್ಲಿ ವಿಮಾನ ಬದಲಿಸುವ ಹಿರಿಯರಿಗೆ ಅದು ಕಾಲಿಗೆ ಮಾತ್ರವಲ್ಲ, ದಾರಿಗೂ ಆಸರೆ.

ಕೈಚೀಲದಲ್ಲಿ ಮೊದಲ ಸ್ಥಾನ ಔಷಧಿಗೆ. ಪ್ರಯಾಣದ ದಿನಗಳಿಗೆ ಸಾಲುವಷ್ಟು ಮಾತ್ರವಲ್ಲ, ಮೇಲೊಂದು ವಾರಕ್ಕಾದರೂ ಆಗುವಷ್ಟು ಗುಳಿಗೆ ಕೈಯಲ್ಲಿರಲಿ. ಜೊತೆಗೆ ಔಷಧಿಯ ಮೂಲ ಹೆಸರು ಬರೆದ ಡಾಕ್ಟರರ ಚೀಟಿಯಿರಲಿ. ಕಂಪನಿಯ ಹೆಸರು ದೇಶದೇಶಕ್ಕೆ ಬೇರೆ, ಮೂಲ ಹೆಸರು ಬಹುಮಟ್ಟಿಗೆ ಎಲ್ಲೆಡೆ ಒಂದೇ. ಇನ್ಸುಲಿನ್ನನ್ನು ಎಂದಿಗೂ ದೊಡ್ಡ ಪೆಟ್ಟಿಗೆಗೆ ಹಾಕಬಾರದು. ಸಾಮಾನಿನ ಕೋಣೆಯ ಚಳಿಗೆ ಅದು ಹೆಪ್ಪುಗಟ್ಟಿ ಕೆಡಬಹುದು. ಪಾಸ್‌ಪೋರ್ಟು, ಕನ್ನಡಕ, ಮಕ್ಕಳ ವಿಳಾಸ ಹಾಗೂ ಫೋನಿನ ಸಂಖ್ಯೆ ಬರೆದ ಕಾಗದ, ಒಂದು ಜೊತೆ ಬಟ್ಟೆ, ಇವೂ ಕೈಚೀಲದಲ್ಲಿಯೇ ಇರಬೇಕು. ಮೊಬೈಲಿಗೆ ವಿದ್ಯುತ್ತು ತುಂಬುವ ಪವರ್ ಬ್ಯಾಂಕು ಕೂಡ ಕೈಚೀಲದಲ್ಲಿಯೇ ಇರತಕ್ಕದ್ದು. ಅದರೊಳಗಿನ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಜನರ ನಡುವೆ ಆರಿಸಬಹುದು. ಸಾಮಾನಿನ ಕೋಣೆಯಲ್ಲಿ ಹತ್ತಿದರೆ ಕಾಣುವವರಿಲ್ಲ. ೨೦೦೬ರಲ್ಲಿ ದ್ರವದ ಸ್ಫೋಟಕಗಳ ಸಂಚೊಂದು ಲಂಡನ್ನಿನಲ್ಲಿ ಬಯಲಾದ ಮೇಲೆ ಬಂದ ನಿಯಮದಂತೆ, ಹೊರದೇಶದ ಪ್ರಯಾಣದಲ್ಲಿ ಎಣ್ಣೆ, ತುಪ್ಪ, ಉಪ್ಪಿನಕಾಯಿಯಂಥವನ್ನು ಕೈಚೀಲದಲ್ಲಿ ಒಯ್ಯಲು ಹೋದರೆ ತಪಾಸಣೆಯಲ್ಲಿ ಕಳೆದುಕೊಳ್ಳುವುದು ಬಹುಮಟ್ಟಿಗೆ ಖಂಡಿತ. ನೂರು ಮಿಲಿಲೀಟರಿಗಿಂತ ದೊಡ್ಡ ಬಾಟಲಿಗಳಿಗೆ ಇನ್ನೂ ಅನೇಕ ಕಡೆ ತಡೆಯುಂಟು. ಡಾಕ್ಟರರ ಚೀಟಿಯಿರುವ ಔಷಧಿಗೆ ವಿನಾಯಿತಿಯಿದೆ.

ತಿನಿಸಿನ ಮಾತಿಗೆ ಬರೋಣ. ನಮ್ಮವರು ಹೆಚ್ಚು ಸಂಕಟಪಡುವುದು ಇಲ್ಲಿಯೇ. ಬಾಣಂತಿಗೆ ಅಂಟಿನುಂಡಿ ಒಯ್ಯದೆ ಹೋಗುವುದುಂಟೆ? ಆದರೆ ಒಣಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು. ಒತ್ತಾಗಿ ತುಂಬಿದಾಗ ಅದು ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲುದು. ಆದಕಾರಣ ವಿಮಾನದ ಅಪಾಯಕರ ವಸ್ತುಗಳ ಪಟ್ಟಿಯಲ್ಲಿ ಕೊಬ್ಬರಿಯ ಹೆಸರಿದೆ. ಗಸಗಸೆ ನಮಗೆ ಪಾಯಸದ ಸಾಮಾನು. ದುಬಾಯಿ ಇರುವ ಸಂಯುಕ್ತ ಅರಬ ರಾಜ್ಯಗಳಲ್ಲಿ ಅದು ಮಾದಕ ಪದಾರ್ಥಗಳ ಕಾನೂನಿಗೆ ಒಳಪಟ್ಟದ್ದು. ತಿಳಿಯದೆ ಒಯ್ದೆನೆಂದರೆ ಅಲ್ಲಿಯ ಕಾನೂನು ಕೇಳುವುದಿಲ್ಲ. ಹಸಿ ಕರಿಬೇವಿನ ಎಸಳುಗಳನ್ನು ಅಮೇರಿಕೆಯೊಳಗೆ ಬಿಡುವುದಿಲ್ಲ. ಅದರ ಮೇಲೆ ಬರುವ ಒಂದು ಪುಟ್ಟ ಹುಳು ಅಲ್ಲಿಯ ಕಿತ್ತಳೆ ತೋಟಗಳಿಗೆ ರೋಗ ಹರಡುತ್ತದೆ. ಧಾರವಾಡದ ಆಪೂಸಿಗೂ ಪೆಟ್ಟಿಗೆಯಲ್ಲಿ ಅಲ್ಲಿಗೆ ಪ್ರವೇಶವಿಲ್ಲ. ಖೋವಾದಿಂದ ಮಾಡಿದ ಮಿಠಾಯಿಗಳಿಗೆ ಬ್ರಿಟನ್ನಿನಲ್ಲಿ ತಡೆಯಿರುವುದರಿಂದ ಲೈನ್ ಬಜಾರಿನ ಪೇಢೆಯ ಡಬ್ಬಿಯೂ ಲಂಡನ್ನಿನ ಬಾಗಿಲಲ್ಲಿ ಉಳಿಯುವ ಸಂಭವವುಂಟು. ಯಾವ ತಿನಿಸನ್ನೇ ಒಯ್ಯಿರಿ, ಅಲ್ಲಿಯ ಸುಂಕದವರು ಕೇಳಿದಾಗ ಇದೆ ಎಂದು ನಿಜ ಹೇಳಿರಿ. ಹೇಳಿದವರ ವಸ್ತು ಹೋಗಬಹುದು. ಬಚ್ಚಿಟ್ಟವರಿಗೆ ದಂಡ ಬೀಳುತ್ತದೆ.

ಹಾಗಾದರೆ ಒಯ್ಯತಕ್ಕದ್ದೇನು? ಹಗುರವಾದ, ನೀರಿನಂಶವಿಲ್ಲದ, ವಾರಗಟ್ಟಲೆ ಕೆಡದ ಪದಾರ್ಥವನ್ನು ನಮ್ಮ ಅಜ್ಜಿಯಂದಿರು ಎಂದೋ ಕಂಡುಹಿಡಿದಿದ್ದಾರೆ. ಜೋಳದ ಕಡಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸಿ ಹಿಂಡಿ! ರೊಟ್ಟಿ ಮುರಿಯದಂತೆ ದುಂಡನೆಯ ಡಬ್ಬಿಯಲ್ಲಿ ಇಟ್ಟರಾಯಿತು. ವಿಮಾನಯಾನಕ್ಕೆಂದೇ ಹುಟ್ಟಿದ ಬುತ್ತಿಯಿದು.

ಇನ್ನು ವಿಮಾನದೊಳಗಿನ ಸುಖದುಃಖ. ದೂರ ಹಾರುವ ವಿಮಾನಗಳು ನೆಲದಿಂದ ಹತ್ತು ಹನ್ನೆರಡು ಕಿಲೋಮೀಟರು ಎತ್ತರದಲ್ಲಿ ಹೋಗುತ್ತವೆ. ಅಲ್ಲಿಯ ಗಾಳಿಯಲ್ಲಿ ಮನುಷ್ಯ ಬದುಕಲಾರನು. ಆದುದರಿಂದ ಒಳಗೆ ಗಾಳಿಯನ್ನು ಒತ್ತಿ ತುಂಬುತ್ತಾರೆ. ಆದರೂ ಅದು ನೆಲದ ಮೇಲಿನಷ್ಟು ದಟ್ಟವಾಗಿರದೆ, ೧೮೦೦ರಿಂದ ೨೪೦೦ ಮೀಟರು ಎತ್ತರದ ಬೆಟ್ಟದ ಮೇಲಿನ ಗಾಳಿಯಂತೆ ಇರುತ್ತದೆ. ಧಾರವಾಡದ ಎತ್ತರ ಸುಮಾರು ೭೫೦ ಮೀಟರು, ಮುಳ್ಳಯ್ಯನಗಿರಿಯದು ಸುಮಾರು ೧೯೩೦, ಉದಕಮಂಡಲದ್ದು ಸುಮಾರು ೨೨೪೦. ಅಂದರೆ ಹದಿನಾರು ಗಂಟೆಯ ಪ್ರಯಾಣವೆಂದರೆ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಒಂದೇ ಕುರ್ಚಿಯಲ್ಲಿ ಹದಿನಾರು ಗಂಟೆ ಕುಳಿತಂತೆ. ಆರೋಗ್ಯವಂತರಿಗೆ ಇದರಿಂದ ಬಾಧೆಯಿಲ್ಲ. ಹೃದಯದ, ಶ್ವಾಸಕೋಶದ ಬೇನೆಯುಳ್ಳವರು ಮಾತ್ರ ಟಿಕೀಟಿಗಿಂತ ಮುಂಚೆ ಡಾಕ್ಟರರನ್ನು ಕಾಣಬೇಕು.

ಹೊರಗಿನ ಒತ್ತಡ ಕಡಿಮೆಯಾದಾಗ ಹೊಟ್ಟೆಯೊಳಗಿನ ವಾಯು ಕಾಲುಭಾಗದಷ್ಟೋ ಅದಕ್ಕಿಂತ ತುಸು ಹೆಚ್ಚೋ ಹಿಗ್ಗುತ್ತದೆ. ವಿಮಾನದಲ್ಲಿ ಚಿಪ್ಸಿನ ಪೊಟ್ಟಣ ಉಬ್ಬುವುದನ್ನು ನೋಡಿದವರಿಗೆ ಇದು ಬೇಗ ತಿಳಿದೀತು. ಹೊರಡುವ ದಿನ ಕಡಲೆ, ಅಲಸಂದಿ, ಮಿರ್ಚಿ ಭಜಿಗಳನ್ನು ದೂರವಿಟ್ಟು ಮೊಸರನ್ನ, ತಿಳಿಸಾರು ಉಂಡರೆ ಹೊಟ್ಟೆ ಹರಸುತ್ತದೆ. ಕಿವಿಯೊಳಗಿನ ಗಾಳಿಯದೂ ಇದೇ ಕಥೆ. ವಿಮಾನ ಇಳಿಯತೊಡಗಿದಾಗ ಕಿವಿ ಗುಂಯ್ ಎಂದು ಮುಚ್ಚಿಕೊಳ್ಳುತ್ತದೆ. ಕಿವಿಯಿಂದ ಗಂಟಲಿಗೆ ಇರುವ ಸಣ್ಣ ನಾಳ ನುಂಗುವಾಗ, ಆಕಳಿಸುವಾಗ ತೆರೆದುಕೊಳ್ಳುತ್ತದೆ. ಆದುದರಿಂದ ಬಾಯಲ್ಲಿ ಒಂದು ಪೆಪ್ಪರಮಿಂಟು ಇರಲಿ. ಇಳಿಯುವ ಹೊತ್ತಿಗೆ ಮಲಗಿದವರನ್ನು ಎಬ್ಬಿಸುವುದು ಒಳ್ಳೆಯದು. ನೆಗಡಿಯಿಂದ ಮೂಗು ಕಟ್ಟಿದವರು ಮುಂಚಿತವಾಗಿ ಔಷಧಿ ಕೇಳಿಟ್ಟುಕೊಳ್ಳಬೇಕು.

ಒಳಗಿನ ಗಾಳಿ ಬಹಳ ಒಣಗಿದ್ದು. ಅದರ ತೇವ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಮಾತ್ರ. ತುಟಿ ಒಡೆಯುತ್ತದೆ, ಕಣ್ಣು ಉರಿಯುತ್ತದೆ. ಕೇಳಿದಾಗಲೆಲ್ಲ ನೀರು ಕೊಡುತ್ತಾರೆ. ಕೇಳಲು ಸಂಕೋಚ ಬೇಡ. ಶೌಚಕ್ಕೆ ಏಳಬೇಕಾದೀತೆಂದು ನೀರು ಕುಡಿಯದೆ ಕೂಡುವ ನಮ್ಮ ಹೆಣ್ಣುಮಕ್ಕಳಿಗೆ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಏಳುವುದೇ ಒಳ್ಳೆಯದು. ಟಿಕೀಟು ತೆಗೆಸುವಾಗ ಓಣಿಯ ಬದಿಯ ಕುರ್ಚಿ ಕೇಳಿದರೆ ನೆರೆಯವರನ್ನು ಎಬ್ಬಿಸುವ ತೊಂದರೆಯೂ ಇಲ್ಲ.

ಏಳಬೇಕೆನ್ನುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಕಾಲಿನ ರಕ್ತ ಮೇಲೇರುವುದು ಮೀನಖಂಡದ ಸ್ನಾಯುಗಳು ಹಿಂಡುವುದರಿಂದ. ಗಂಟೆಗಟ್ಟಲೆ ಕಾಲು ಜೋತುಬಿಟ್ಟು ಕುಳಿತರೆ ಆ ಹಿಂಡುವಿಕೆ ನಿಂತು, ಪಾದ ಬಾತು, ಕೆಲವರಲ್ಲಿ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಶ್ವಾಸಕೋಶಕ್ಕೆ ಏರಿದರೆ ಪ್ರಾಣಕ್ಕೇ ಅಪಾಯ. ವಿಶ್ವ ಆರೋಗ್ಯ ಸಂಸ್ಥೆ ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕು ಗಂಟೆಗೂ ಮೀರಿದ ಪ್ರಯಾಣದಿಂದ ಈ ಅಪಾಯ ಸುಮಾರು ಎರಡರಷ್ಟಾಗುತ್ತದೆ. ಹಾಗಾದರೂ ಅದು ಆರು ಸಾವಿರ ಜನರಲ್ಲಿ ಒಬ್ಬರಿಗೆ ಬರುವಂಥದು. ಹೆದರಿ ಪ್ರಯಾಣ ನಿಲ್ಲಿಸಬೇಕಾಗಿಲ್ಲ. ಬಸ್ಸು, ರೈಲು, ಕಾರಿನಲ್ಲಿ ಅಲುಗದೆ ಕುಳಿತವರಿಗೂ ಇದೇ ಮಾತು. ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಕುಳಿತಲ್ಲಿಯೇ ಹೊಲಿಗೆಯ ಯಂತ್ರ ತುಳಿದಂತೆ ಪಾದಗಳನ್ನು ಮೇಲೆ ಕೆಳಗೆ ಆಡಿಸಿರಿ. ಬಟ್ಟೆ ಸಡಿಲಾಗಿರಲಿ. ಕಾಲ ಬಳಿ ಚೀಲ ತುರುಕಿದವರಿಗೆ ಕಾಲು ಚಾಚಲೂ ಎಡೆಯಿರುವುದಿಲ್ಲ. ಹಗುರಾದ ಗಂಟಿನ ಉಪಕಾರ ಇಲ್ಲಿಯೂ ಕಾಣುತ್ತದೆ. ಮುಂಚೆ ಹೀಗೆ ರಕ್ತ ಹೆಪ್ಪುಗಟ್ಟಿದವರು, ಇತ್ತೀಚೆಗೆ ಶಸ್ತ್ರಕ್ರಿಯೆಯಾದವರು ಬಿಗಿ ಕಾಲುಚೀಲದ ಬಗ್ಗೆ ಡಾಕ್ಟರರ ಸಲಹೆ ಪಡೆಯಬೇಕು. ಊರು ಮುಟ್ಟಿದ ಮೇಲೆ ಒಂದೇ ಕಾಲು ಬಾತು ನೋಯತೊಡಗಿದರೆ, ಅಥವಾ ಉಸಿರು ಹಿಡಿದಂತಾದರೆ, ಆಯಾಸವೆಂದು ಸುಮ್ಮನಾಗದೆ ಒಡನೆಯೇ ದವಾಖಾನೆಗೆ ಹೋಗತಕ್ಕದ್ದು.

ಕೊನೆಯದಾಗಿ ನಿದ್ದೆ. ಕ್ಯಾಲಿಫೋರ್ನಿಯದ ಗಡಿಯಾರ ನಮ್ಮದಕ್ಕಿಂತ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿ ಹಗಲಾದಾಗ ಮೈಗೆ ಇರುಳು. ಮೈಯೊಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಂತೆ ಮಾತ್ರ ಸರಿಯುತ್ತದೆ. ಅದನ್ನು ತಿರುಗಿಸುವ ಮುಖ್ಯ ಕೀಲಿ ಸೂರ್ಯನ ಬೆಳಕು. ಹಗಲು ಹೊರಗೆ ತಿರುಗಾಡಿ, ಅಲ್ಲಿಯ ಹೊತ್ತಿಗೇ ಊಟ ಮಾಡಿ, ರಾತ್ರಿಯಾಗುವ ತನಕ ಮಲಗದಿದ್ದರೆ ಕೆಲವು ದಿನಗಳಲ್ಲಿ ಮೈ ಹೊಂದಿಕೊಳ್ಳುತ್ತದೆ. ಗುಳಿಗೆ, ಇನ್ಸುಲಿನ್ನುಗಳ ಹೊತ್ತನ್ನು ಮಾತ್ರ ಸ್ವಂತ ಊಹೆಯಿಂದ ಬದಲಿಸಬಾರದು. ವಿಮಾನದಲ್ಲಿ ಎಷ್ಟು ಗಂಟೆಗೆ, ಅಲ್ಲಿ ಇಳಿದ ಮೇಲೆ ಎಷ್ಟು ಗಂಟೆಗೆ ಎಂದು ಡಾಕ್ಟರರಿಂದ ಬರೆಯಿಸಿಕೊಂಡು ಹೋಗಬೇಕು.

ಎರಡನೆಯ ಸಲ ಹೋದಾಗ ನಮ್ಮ ಪೆಟ್ಟಿಗೆಯಲ್ಲಿ ಮೂರು ಕಿಲೋ ಎಡೆ ಉಳಿದಿತ್ತು. ಔಷಧಿಯ ಗಂಟು ನನ್ನಾಕೆಯ ಕೊರಳಿನ ಚೀಲದಲ್ಲಿತ್ತು. ನಿಲ್ದಾಣದಲ್ಲಿ ಮೊಮ್ಮಗ ಓಡಿಬಂದಾಗ ನಾನು ಎರಡೂ ಕೈ ಚಾಚಿ ಅವನನ್ನು ಎತ್ತಿಕೊಂಡೆ. ಮೊದಲ ಸಲ ಹಾಗೆ ಎತ್ತಿಕೊಳ್ಳಲು ಮೊಮ್ಮಗನೂ ಇರಲಿಲ್ಲ, ಕೈಯೂ ತೆರಪಿರಲಿಲ್ಲ. ಒಂದು ಕೈಯಲ್ಲಿ ಹಂಚಿನ ಚೀಲವಿತ್ತು.